ಊಟದ ಮಾತು: ಖಾನಾವಳಿಯ ರೊಟ್ಟಿಯೂ ಮೆಕ್ಸಿಕೋದ ಟ್ಯಾಕೋವೂ
ಬೈಲಹೊಂಗಲ, ಸವದತ್ತಿಗಳ ಖಾನಾವಳಿಗಳಲ್ಲಿ ಉಣಕುಳಿತವನಿಗೆ ಚಮಚೆಯ ಅವಶ್ಯಕತೆ ತೋರುವದಿಲ್ಲ. ಬಿಸಿ ಜೋಳದ ರೊಟ್ಟಿಯ ತುಣುಕೇ ಎಣ್ಣೆಗಾಯಿಯನ್ನೂ ಕಾಳುಪಲ್ಯವನ್ನೂ ಎತ್ತಿಕೊಡುವದು. ಮಕ್ಕಳಿಗಾದರೋ ಇಡಿ ರೊಟ್ಟಿಗೆ ಶೇಂಗಾಹಿಂಡಿ, ಮೊಸರು ಸವರಿ ಸುರುಳಿಸುತ್ತಿ ಕೈಗೆ ಕೊಡುವರು. ಮೆಕ್ಸಿಕೋ ದೇಶದ ‘ಟ್ಯಾಕೋ’ ಇದೇ ಜಾತಿಯ ತಿನಿಸು: ತೆಳುವಾದ ರೊಟ್ಟಿ, ಒಳಗೆ ಪಲ್ಯವೋ ಮಾಂಸವೋ, ಮೇಲೊಂದು ಮಡಿಕೆ. ನಮ್ಮ ನಗರಗಳಲ್ಲಿ ಪನೀರು ತುಂಬಿ ಮಾರುವದೂ ಉಂಟು.

ಅಲ್ಲಿಯ ರೊಟ್ಟಿ ಗೋವಿನಜೋಳದ್ದು. ಕಾಳನ್ನು ಸುಣ್ಣದ ನೀರಿನಲ್ಲಿ ಕುದಿಸಿ, ನೆನೆಯಿಟ್ಟು, ತೊಳೆದು ರುಬ್ಬುವರು. ಇದರಿಂದ ಕಾಳಿನಲ್ಲಿ ಬಂಧಿತವಾದ ನಿಯಾಸಿನ್ ಎಂಬ ಜೀವಸತ್ತ್ವವು ದೇಹಕ್ಕೆ ದಕ್ಕುವದು. ಸುಣ್ಣದ ಕ್ರಮವನ್ನು ಬಿಟ್ಟು ಕಾಳನ್ನಷ್ಟೇ ಕೈಕೊಂಡ ಇಟಲಿಯಲ್ಲಿ, ಅದೊಂದನ್ನೇ ಉಂಡ ಬಡವರು ಪೆಲ್ಲಾಗ್ರಾ ರೋಗಕ್ಕೆ ತುತ್ತಾದರು. ಚರ್ಮ ಬಿರಿದು, ಭೇದಿ ಹತ್ತಿ, ಕಡೆಗೆ ಬುದ್ಧಿಯೂ ಕೆಡುವ ರೋಗವದು.

ನಮ್ಮ ಬಿಳಿಜೋಳವಾದರೂ ಒಂಟಿಯಾಗಿ ಸಾಲದು. ದಖನ್ನಿನಲ್ಲಿ ಜೋಳವನ್ನೇ ನಂಬಿದ ಬಡವರಲ್ಲಿಯೂ ಪೆಲ್ಲಾಗ್ರಾ ಇರುವದನ್ನು ಡಾ॥ ಸಿ. ಗೋಪಾಲನ್ನರು ಸಹಸಂಶೋಧಕರೊಡನೆ 1960ರಲ್ಲಿ ಪ್ರಕಟಿಸಿದರು. ಆದುದರಿಂದ ತಾಟಿನ ಬದಿಯ ಶೇಂಗಾಹಿಂಡಿಯು ಬರಿಯ ರುಚಿಗಲ್ಲ. ಶೇಂಗಾದಲ್ಲಿ ನಿಯಾಸಿನ್ ಹೇರಳವಾಗಿರುವದು. ಆ ಶೇಂಗಾವೂ ಅದರೊಳಗಿನ ಮೆಣಸಿನಕಾಯಿಯೂ ಅಮೇರಿಕಾ ಖಂಡದಿಂದಲೇ ಬಂದವೆಂದರೆ ನಮ್ಮ ಅಜ್ಜಿಯರು ನಂಬಲಾರರು! ಖರ್ಚು ಉಳಿಸಲೆಂದು ಹಿಂಡಿ, ಕಾಳುಗಳನ್ನು ಕಡಿಮೆ ಮಾಡಿ ರೊಟ್ಟಿಯನ್ನೇ ಹೆಚ್ಚು ಬಡಿಸುವದು ಒಳ್ಳೆಯ ಉಳಿತಾಯವಲ್ಲ.

ಮನೆಯಲ್ಲಿ ಟ್ಯಾಕೋ ಮಾಡಬಯಸುವ ಗೃಹಿಣಿಯರು ಮೈದೆಯನ್ನು ತರಿಸಬೇಕಾಗಿಲ್ಲ. ಜೋಳದ ಹಿಟ್ಟನ್ನು ಕುದಿನೀರಿನಲ್ಲಿ ನಾದಿ, ತೆಳ್ಳಗೆ ಬಡಿದು ಬೇಯಿಸಿ, ಹಂಚಿನಿಂದ ತೆಗೆದೊಡನೆ ಮಡಿಸಬೇಕು. ಜೋಳದಲ್ಲಿ ಗೋದಿಯ ಜಿಗುಟಿಲ್ಲ, ಆರಿದರೆ ಮುರಿಯುವದು. ಒಳಗೆ ಹೆಸರುಕಾಳಿನ ಪಲ್ಯ, ಹೆಚ್ಚಿದ ಉಳ್ಳಾಗಡ್ಡಿ, ಮೇಲೊಂದು ಚಮಚೆ ಹಿಂಡಿ.