ಸಹಾಯಾರ್ಥ ರಸಮಂಜರಿಯೂ, ಕಣ್ಣಿನ ಫಾರಮ್ಮೂ

ಹಿಂದೆ ನಾಟಕ ಕಂಪನಿಗಳು ಊರಿಗೆ ಬಂದರೆ ಒಂದು ದಿನದ ಆಟದ ಕರಪತ್ರದಲ್ಲಿ ‘ಶಾಲಾ ಕಟ್ಟಡದ ಸಹಾಯಾರ್ಥ’ ಅಂತ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸುತ್ತಿದ್ದವು. ಕಂಪನಿ ನಾಟಕ ಹೋಗಿ ಆರ್ಕೆಸ್ಟ್ರಾ ಬಂತು. ಕಾಲು ಹಾರ್ಮೋನಿಯಂ ಹೋಗಿ ಕೀಬೋರ್ಡ್ ಬಂತು, ಡ್ರಮ್ ಸೆಟ್ಟು ಬಂತು, ಎದೆ ನಡುಗಿಸುವ ಸ್ಪೀಕರ್ ಬಂದವು. ಆ ‘ಸಹಾಯಾರ್ಥ’ ಮಾತ್ರ ಎಲ್ಲೂ ಹೋಗಲಿಲ್ಲ. ಫ್ಲೆಕ್ಸಿನ ಮೂಲೆಯಲ್ಲಿ, ಪುಢಾರಿಗಳ ಕೈಮುಗಿದ ಫೋಟೋಗಳ ಕೆಳಗೆ, ಇವತ್ತೂ ಕೂತಿದೆ.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ರಸಮಂಜರಿ ಇಲ್ಲದ ಹಬ್ಬ ಹಬ್ಬವೇ ಅಲ್ಲ. ಆಷಾಢದಲ್ಲಿ ರಾಮನಗರದ ಚಾಮುಂಡೇಶ್ವರಿ ಕರಗ, ಮಾಗಡಿ ರಂಗನಾಥಸ್ವಾಮಿ ತೇರು, ಕನಕಪುರದ ಕಡೆ ಕಬ್ಬಾಳಮ್ಮನ ಜಾತ್ರೆ, ಚನ್ನಪಟ್ಟಣದ ಬೀದಿ ಬೀದಿಯ ಗಣೇಶ, ನವೆಂಬರಿನಲ್ಲಿ ಸರ್ಕಲ್ ಸರ್ಕಲ್ಲಿನ ರಾಜ್ಯೋತ್ಸವ. 2025ರ ಮೇ ತಿಂಗಳಲ್ಲಿ ಸಚಿವ ಸಂಪುಟ ಜಿಲ್ಲೆಯ ಹೆಸರನ್ನು ಬೆಂಗಳೂರು ದಕ್ಷಿಣ ಅಂತ ಬದಲಾಯಿಸಲು ತೀರ್ಮಾನ ಮಾಡಿತಲ್ಲ, ಅದರ ಪರವಾಗಿಯೂ ವಿರೋಧವಾಗಿಯೂ ಮೈಕು ಹಿಡಿದವರನ್ನು ನೋಡಿದ್ದಾಯಿತು. ಇರಲಿ, ಇವತ್ತಿನ ವಿಷಯ ಅದಲ್ಲ.

ವಿಷಯ ಏನಪ್ಪಾ ಅಂದರೆ, ಸ್ಟೇಜಿನ ಪಕ್ಕ ಈಗ ಎರಡು ಥರದ ‘ಸಹಾಯಾರ್ಥ’ ಕಾಣುತ್ತಿದೆ. ಒಂದು ಡಬ್ಬಿ. ಇನ್ನೊಂದು ಫಾರಂ.

ಡಬ್ಬಿಯ ವಿಚಾರ ಬೇಗ ಮುಗಿಸೋಣ. ನೆರೆ ಬಂದವರಿಗೆ ಅಂತಲೋ, ಯಾವುದೋ ಮಗುವಿನ ಆಪರೇಷನ್ನಿಗೆ ಅಂತಲೋ ಹುಡುಗರು ಜನರ ನಡುವೆ ಡಬ್ಬಿ ಅಲ್ಲಾಡಿಸಿಕೊಂಡು ಬರುತ್ತಾರೆ. ಜನ ಹಾಕುತ್ತಾರೆ, ನಮ್ಮ ಜನ ಹಾಕುವುದರಲ್ಲಿ ಹಿಂದೆ ಬಿದ್ದವರಲ್ಲ. ಆಮೇಲೆ? ರಸೀತಿ ಇಲ್ಲ, ಎಣಿಕೆ ಇಲ್ಲ. ರಾತ್ರಿ ಒಂದು ಗಂಟೆಗೆ ಸ್ಪೀಕರ್ ಜೊತೆ ಡಬ್ಬಿಯೂ ಟೆಂಪೋ ಹತ್ತಿದರೆ ಮುಗಿಯಿತು. ಎಲ್ಲರೂ ಕಳ್ಳರು ಅಂತ ಈ ಅಂಕಣ ಹೇಳುತ್ತಿಲ್ಲ. ಲೆಕ್ಕ ಹೇಳದ ಪ್ರಾಮಾಣಿಕನಿಗೂ ಕಳ್ಳನಿಗೂ ದೂರದಿಂದ ವ್ಯತ್ಯಾಸ ಕಾಣಲ್ಲ ಸ್ವಾಮಿ, ಅಷ್ಟೆ. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಹುಟ್ಟಿದ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳ ಮಠಕ್ಕೆ ಊರೂರಿಂದ ಕಾಳುಕಡ್ಡಿ ಹೋಗುತ್ತಿತ್ತು, ಈಗಲೂ ಹೋಗುತ್ತೆ. ಕೊಟ್ಟವನು ಮಠಕ್ಕೆ ಹೋಗಿ ನೋಡಿದರೆ ಮಕ್ಕಳ ತಟ್ಟೆಯಲ್ಲಿ ಲೆಕ್ಕ ಕಾಣುತ್ತಿತ್ತು. ಈ ಡಬ್ಬಿಗಳ ತಟ್ಟೆ ಎಲ್ಲಿದೆ?

ದೊಡ್ಡವರೂ ಇದರಲ್ಲಿ ಎಡವಿದ್ದಾರೆ. 1971ರ ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ನಮ್ಮ ಪಂಡಿತ್ ರವಿಶಂಕರರೂ ಬೀಟಲ್ಸ್ ತಂಡದಲ್ಲಿದ್ದ ಜಾರ್ಜ್ ಹ್ಯಾರಿಸನ್ನೂ ಸೇರಿ ಬಾಂಗ್ಲಾ ನಿರಾಶ್ರಿತರಿಗಾಗಿ ಕಛೇರಿ ಮಾಡಿದರು. ಒಂದೇ ದಿನ ಎರಡು ಆಟ. ಟಿಕೆಟ್ಟಿನಿಂದ ಬಂದ 2,43,418 ಡಾಲರ್ ಯುನಿಸೆಫ್‌ಗೆ ಹೋಯಿತು. ಆದರೆ ಆಮೇಲೆ ರೆಕಾರ್ಡಿನಿಂದ, ಸಿನಿಮಾದಿಂದ ಬಂದ ದೊಡ್ಡ ಮೊತ್ತ ಅಮೆರಿಕದ ತೆರಿಗೆ ಇಲಾಖೆಯ ಕೈಯಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡಿತು. ಯಾಕೆ? ಮೊದಲೇ ಸರಿಯಾಗಿ ಧರ್ಮಾರ್ಥ ಅಂತ ಕಾಗದ ಪತ್ರ ಮಾಡಿರಲಿಲ್ಲ. ಹಸಿದವರು ಮಾತ್ರ ಕಾಗದ ಸರಿಹೋಗುವ ತನಕ ಕಾಯುತ್ತಾ ಕೂರೋದಿಲ್ಲ. ಹಾಗಾಗಿ ನಮ್ಮ ಸಮಿತಿಗಳಿಗೆ ಒಂದೇ ಮಾತು: ಕೊನೆ ಹಾಡಿಗೆ ಮುಂಚೆ ಸ್ಟೇಜಿನ ಮೇಲೆ ಡಬ್ಬಿ ಒಡೆಯಿರಿ, ಎಣಿಸಿರಿ, ಮೈಕಿನಲ್ಲಿ ಹೇಳಿರಿ. ಆಗಲ್ಲ ಅನ್ನುವವರು ಡಬ್ಬಿ ತರಬೇಡಿ.

ಇನ್ನು ಫಾರಂ. ಇದು ಬೇರೆಯೇ ಕಥೆ, ಇದರ ಮೇಲೆ ಸ್ವಲ್ಪ ನಿಲ್ಲಬೇಕು.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡರು, ನಲವತ್ತಾರೇ ವರ್ಷ. ಮಾರನೆಯ ದಿನವೇ ಅವರ ಎರಡು ಕಣ್ಣಿನಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತು. ಎರಡು ಕಣ್ಣು ನಾಲ್ಕು ಜನಕ್ಕೆ ಹೇಗೆ ಅಂತ ಆಗ ಟೀ ಅಂಗಡಿಗಳಲ್ಲಿ ಕೇಳಿದವರೇ ಎಲ್ಲ. ತೆಗೆಯೋದು ಇಡೀ ಗುಡ್ಡೆಯಿಂದ ಬೇಕಾದ ಕಾರ್ನಿಯಾ ಅನ್ನುವ ಮುಂದಿನ ಪಾರದರ್ಶಕ ಪೊರೆ. ನಾರಾಯಣ ನೇತ್ರಾಲಯದವರು ಪ್ರತಿಯೊಂದು ಪೊರೆಯನ್ನು ಮುಂಭಾಗ, ಹಿಂಭಾಗ ಅಂತ ಸೀಳಿ, ಮೇಲಿನ ಪದರ ಕೆಟ್ಟ ಇಬ್ಬರಿಗೆ, ಒಳಪದರ ಕೆಟ್ಟ ಇಬ್ಬರಿಗೆ ಹಾಕಿದರು. ಅಪ್ಪನ ದಾರಿ ಅದು. 1994ರಲ್ಲಿ ಡಾ. ರಾಜ್‌ಕುಮಾರ್ ಹೆಸರಿನ ನೇತ್ರ ಬ್ಯಾಂಕ್ ಶುರುವಾದಾಗ ರಾಜ್ ತಮ್ಮ ಇಡೀ ಸಂಸಾರದ ಕಣ್ಣು ಬರೆದುಕೊಟ್ಟಿದ್ದರು. 2006ರಲ್ಲಿ ಅವರದ್ದು, 2017ರಲ್ಲಿ ಪಾರ್ವತಮ್ಮನವರದ್ದು, 2021ರಲ್ಲಿ ಮಗನದ್ದು. ಆಡಿದ ಮಾತು ಮನೆಯಲ್ಲಿ ಮೂರು ಸಲ ನಡೆಯಿತು.

ಅಲ್ಲಿಂದ ಈಚೆಗೆ ಆರ್ಕೆಸ್ಟ್ರಾದ ಪಕ್ಕ ಮೇಜು ಬಂತು. 2017ರ ‘ರಾಜಕುಮಾರ’ ಚಿತ್ರದ ಬೊಂಬೆ ಹಾಡು ಹಾಡದೆ ಯಾವ ತಂಡವೂ ಇಳಿಯೋ ಹಾಗಿಲ್ಲ. ಚನ್ನಪಟ್ಟಣದಂಥ ಬೊಂಬೆ ಊರಿನಲ್ಲಂತೂ ಕೇಳಲೇಬೇಡಿ. ಆ ಹಾಡು ಶುರುವಾದರೆ ಮೊಬೈಲ್ ಟಾರ್ಚುಗಳೆಲ್ಲ ಮೇಲಕ್ಕೆ, ಹೆಂಗಸರ ಸೆರಗು ಕಣ್ಣಿಗೆ. ಹಾಡು ಮುಗಿದ ತಕ್ಷಣ ಹತ್ತು ನಿಮಿಷ ಮೇಜಿನ ಮುಂದೆ ನೂಕುನುಗ್ಗಲು.

ಆರ್ಕೆಸ್ಟ್ರಾ ಟೆಂಪೋದಲ್ಲೇ ಊರಿಂದೂರಿಗೆ ಹೋಗಿ ಫಾರಂ ಬರೆಸುವ ಒಬ್ಬ ಹುಡುಗಿಯ ಕೆಲಸವನ್ನು ಮೂರು ರಾತ್ರಿ ಹತ್ತಿರದಿಂದ ನೋಡಿದೆ. ಕೇಬಲ್ ಸುರುಳಿಗಳ ಮೇಲೆ ಕೂತು ಪ್ರಯಾಣ, ಕಲಾವಿದರಿಗೆ ಕೊಟ್ಟ ಚಿತ್ರಾನ್ನದಲ್ಲೇ ಊಟ, ಸಂಬಳ ಇಲ್ಲ. ಕನಕಪುರದ ಕಡೆಯ ಒಂದು ಊರಿನಲ್ಲಿ ಒಬ್ಬರು ಅಜ್ಜಿ ಮೇಜಿನ ಹತ್ತಿರ ಬಂದು ಕೇಳಿದರು:

“ಅಲ್ಲ ಕಣವ್ವ, ಕಣ್ಣು ಕಿತ್ಕೊಂಡ್ರೆ ಮುಂದ್ಲ ಜನ್ಮದಾಗೆ ಕುಲ್ಡಿಯಾಗಿ ಹುಟ್ಟಕಿಲ್ವಾ?”

“ಅಜ್ಜಿ, ಸುಟ್ಟರೂ ಹೂತರೂ ಕಣ್ಣು ಹೋಗೇ ಹೋಗ್ತದಲ್ಲ. ಹಂಗಂತ ಎಲ್ಲರೂ ಕುರುಡರಾಗೇ ಹುಟ್ತಾವ್ರಾ?”

ಅಜ್ಜಿ ನಕ್ಕರು. “ನಂಗೆ ಪೊರೆ ಆಪ್ರೇಸನ್ ಆಗದೆ, ನಂದು ಬತ್ತದಾ?” ಬರುತ್ತೆ ಅಂದಳು ಹುಡುಗಿ. ನಿಜವೇ. ಪೊರೆ ಆಪರೇಷನ್ ಆದವರು, ಕನ್ನಡಕ ಹಾಕುವವರು, ಸಕ್ಕರೆ ಕಾಯಿಲೆಯವರು, ಮುದುಕರು ಎಲ್ಲರೂ ಕೊಡಬಹುದು. ಏಡ್ಸ್, ಹುಚ್ಚುನಾಯಿ ರೋಗ, ಕಾಮಾಲೆ ತರುವ ಹೆಪಟೈಟಿಸ್‌ನಂಥವು ಇದ್ದರೆ ಮಾತ್ರ ತೆಗೆದುಕೊಳ್ಳಲ್ಲ. ‘ಕಣ್ಣು ಮಾರ್ಕೋತಾರೆ’ ಅನ್ನೋ ಗಾಳಿಮಾತಿಗೂ ಉತ್ತರ ಇದೆ: 1994ರ ಕಾಯಿದೆ ಪ್ರಕಾರ ಅಂಗಾಂಗ ಮಾರುವುದೂ ಕೊಳ್ಳುವುದೂ ಅಪರಾಧ.

ಅದೇ ರಾತ್ರಿ ಜಂಬದಿಂದ ಸಹಿ ಹಾಕಿ ಸೆಲ್ಫಿ ತೆಗೆಸಿಕೊಂಡ ಒಬ್ಬ ಯಜಮಾನರು ಹೊರಡುವಾಗ ಪಿಸುಗುಟ್ಟಿದರು: “ಮನೆಗೆ ಮಾತ್ರ ಫೋನ್ ಗೀನ್ ಮಾಡ್ಬೇಡಮ್ಮ, ನಮ್ಮೋಳು ಗಲಾಟೆ ಮಾಡ್ತಾಳೆ.”

ಇಲ್ಲೇ ಇರೋದು ಗಂಟು. ಸತ್ತ ಮೇಲೆ ಫಾರಂ ತಾನಾಗಿ ಎದ್ದು ಹೋಗಿ ಡಾಕ್ಟರನ್ನು ಕರೆಯಲ್ಲ. ಯಾರೋ ಫೋನ್ ಮಾಡಬೇಕು, ಅದೂ ಉಸಿರು ನಿಂತ ಆರು ಗಂಟೆಯೊಳಗೆ ಕೆಲಸ ಮುಗಿಯುವ ಹಾಗೆ. ಹೆಂಡತಿ ಮಕ್ಕಳು ಬೇಡ ಅಂದರೆ ಯಾವ ಡಾಕ್ಟರೂ ಮುಟ್ಟಲ್ಲ. ಮನೆಯಲ್ಲಿ ಹೇಳದ ಫಾರಂ ರದ್ದಿ ಕಾಗದ. ನಮ್ಮ ಭಾಗದ ಒಂದು ಹಳ್ಳಿಯಲ್ಲಿ ಹೀಗೇ ಆಯಿತು. ಹನ್ನೊಂದನೇ ದಿನದ ತಿಥಿಗೆ ಫೋಟೋ ಮಾಡಿಸಬೇಕು ಅಂತ ಸತ್ತವರ ಪರ್ಸು ತಡಕಿದಾಗ ನೇತ್ರದಾನದ ಕಾರ್ಡು ಸಿಕ್ಕಿತು. ಮಗ ಅದನ್ನು ಕೈಲಿ ಹಿಡಿದುಕೊಂಡು ‘ಅಪ್ಪ ಒಂದು ಮಾತು ಹೇಳಿದ್ದಿದ್ರೆ’ ಅಂತ ಅಂದನಂತೆ.

ದೂರ ಅನ್ನೋ ನೆಪ ನಮಗಿಲ್ಲ. ನಾಲ್ಕೂ ತಾಲ್ಲೂಕು ಕೇಂದ್ರಗಳು ಬೆಂಗಳೂರಿಗೆ ಐವತ್ತು ಅರವತ್ತು ಕಿಲೋಮೀಟರ್ ಆಸುಪಾಸಿನಲ್ಲಿವೆ. ನೇತ್ರ ಬ್ಯಾಂಕಿನವರು ಮನೆಗೇ ಬರುತ್ತಾರೆ, ಇಪ್ಪತ್ತು ನಿಮಿಷದ ಕೆಲಸ, ಮುಖ ವಿಕಾರವಾಗಲ್ಲ, ಕಾಸು ಕೇಳಲ್ಲ. ನೆಂಟರು ಬರೋ ತನಕ ಹೇಗೂ ಹೆಣ ಎತ್ತಲ್ಲ. ಅಷ್ಟರೊಳಗೆ ಮನೆಯವರು ಮಾಡಬೇಕಾದ್ದು ಇಷ್ಟು: ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡುವುದು, ಫ್ಯಾನ್ ಆರಿಸುವುದು, ತಲೆ ಕೆಳಗೆ ದಿಂಬು ಕೊಡುವುದು, ಫೋನ್ ಮಾಡುವುದು. ಇದನ್ನು ಯಾವ ಸ್ಟೇಜಿನ ಮೇಲಾದರೂ ಹೇಳಿದ್ದನ್ನು ಕೇಳಿದ್ದೀರಾ? ‘ಇವತ್ತು ನಮ್ಮ ತಂಡ ಇಷ್ಟು ನೂರು ಫಾರಂ ಮಾಡಿಸಿದೆ’ ಅನ್ನೋದೊಂದೇ ಕೇಳುತ್ತೆ. ಅದಕ್ಕೊಂದು ಹಾರ, ಅದಕ್ಕೊಂದು ಶಾಲು, ಮಾರನೇ ದಿನ ನಮ್ಮಂಥ ಪೇಪರಿನವರಿಗೆ ಒಂದು ಫೋಟೋ. ಎಷ್ಟು ಕಣ್ಣು ಹೋದವು ಅಂತ ಮಾತ್ರ ಯಾರೂ ಬರೆದುಕೊಡಲ್ಲ.

ಹೊರದೇಶದ ರಾಕ್ ತಂಡಗಳ ಜೊತೆಗೂ ಹೀಗೆ ಮೇಜು ಹಾಕಿಕೊಂಡು ಹೋಗುವವರಿದ್ದಾರೆ. ಕೋಲ್ಡ್‌ಪ್ಲೇ ತಂಡ ಆಕ್ಸ್‌ಫ್ಯಾಮ್ ಸಂಸ್ಥೆಯ ನ್ಯಾಯದ ವ್ಯಾಪಾರದ ಚಳವಳಿಗೆ ನಿಂತಿತ್ತು. 1988ರಲ್ಲಿ ಆಮ್ನೆಸ್ಟಿಯ ಮಾನವ ಹಕ್ಕು ಪ್ರವಾಸ ದೆಹಲಿಗೇ ಬಂದಿತ್ತು. ಸೆಪ್ಟೆಂಬರ್ 30ಕ್ಕೆ ನೆಹರೂ ಸ್ಟೇಡಿಯಂನಲ್ಲಿ ಸ್ಪ್ರಿಂಗ್‌ಸ್ಟೀನ್, ಸ್ಟಿಂಗ್, ಟ್ರೇಸಿ ಚಾಪ್‌ಮನ್ ಎಲ್ಲ ಹಾಡಿದರು. ಅವರು ಕೇಳಿದ್ದು ಸಹಿ. ಸಹಿಗೆ ಬೆಲೆ ಇದೆ, ಯಾಕೆಂದರೆ ಅದನ್ನು ಸರ್ಕಾರದ ಮುಂದೆ ಇಡಬಹುದು. ಕಣ್ಣಿನ ಫಾರಂ ಹಾಗಲ್ಲ, ಅದನ್ನು ಮನೆಯ ಹೆಂಗಸರ ಮುಂದೆ ಇಡಬೇಕು.

ಸಂಘಟಕರೊಬ್ಬರು ನನಗೆ ಹೇಳಿದರು: ಮಜಾ ಮಾಡೋಕೆ ಬಂದ ಜನಕ್ಕೆ ಸಾವಿನ ಮಾತು ಹೇಳಿದರೆ ಮೂಡ್ ಕೆಡುತ್ತೆ ಸಾರ್ ಅಂತ. ಸತ್ತವನ ಹಾಡಿಗೆ ಟಾರ್ಚ್ ಹಿಡಿದು ಅತ್ತ ಜನ, ಒದ್ದೆ ಹತ್ತಿಯ ಮಾತಿಗೆ ಎದ್ದು ಹೋಗುತ್ತಾರೆಯೇ? ಬೊಂಬೆ ಹಾಡು ಮುಗಿದ ಮೇಲೆ ಎರಡು ನಿಮಿಷ ಗಾಯಕನೇ ಹೇಳಲಿ. ಫಾರಂ ಮೇಜಿಗೆ ಒಬ್ಬನೇ ಬಂದವನನ್ನು ವಾಪಸ್ ಕಳಿಸಲಿ. ಹೆಂಡತಿಯನ್ನೋ ಮಗನನ್ನೋ ಕರೆದುಕೊಂಡು ಬಂದರೆ ಮಾತ್ರ ಬರೆಯಲಿ. ಸಂಖ್ಯೆ ಕಮ್ಮಿಯಾಗುತ್ತೆ, ಆಗಲಿ.

ಇನ್ನೊಂದು. ಪ್ರತಿ ವರ್ಷ ಆಗಸ್ಟ್ 25ರಿಂದ ಸೆಪ್ಟೆಂಬರ್ 8ರ ತನಕ ನೇತ್ರದಾನ ಪಾಕ್ಷಿಕ, ಗಣೇಶನ ಪೆಂಡಾಲುಗಳ ಕಾಲವೂ ಹೆಚ್ಚುಕಮ್ಮಿ ಅದೇ. ಆರ್ಕೆಸ್ಟ್ರಾ ಟೆಂಪೋ ಊರು ಬಿಡುವ ಮುಂಚೆ ನೇತ್ರ ಬ್ಯಾಂಕಿನ ಫೋನ್ ನಂಬರನ್ನು ಹಾಲಿನ ಡೈರಿ ಗೋಡೆ ಮೇಲೆ ಬರೆದು ಹೋಗಲಿ. ಬೆಳಿಗ್ಗೆ ಸಂಜೆ ಮನೆಗೊಬ್ಬರು ಕ್ಯಾನ್ ಹಿಡಿದು ನಿಲ್ಲುವ ಜಾಗ ಅದು, ಯಾರ ಮನೆಯಲ್ಲಿ ಸಾವಾದರೂ ಮೊದಲು ಸುದ್ದಿ ಮುಟ್ಟುವುದೂ ಅಲ್ಲಿಗೇ. ಡೈರಿ ಸೆಕ್ರೆಟರಿ ಕೈಲಿ ಫೋನ್ ಇದ್ದೇ ಇರುತ್ತೆ. ಒಂದು ಡಬ್ಬಿ ಬಣ್ಣ, ಒಂದು ಬ್ರಷ್ಷು. ಸ್ಟೇಜ್ ಮುಂದೆ ಹಾರಿಸುವ ಪಟಾಕಿಯಲ್ಲಿ ಒಂದು ಸರ ಕಮ್ಮಿ ಮಾಡಿದರೆ ಆ ಖರ್ಚು ಬರುತ್ತೆ.