ದನ ಸತ್ತರೆ ಗುಂಡಿ ತೋಡೋ ಮುಂಚೆ ಕಾರಣ ಕೇಳಿ

ಅಡಿಕೆ ಸೋಗೆಯಲ್ಲಿ ನಾಲ್ಕು ಚುಕ್ಕೆ ಕಂಡರೆ ಸಾಕು, ನಮ್ಮ ಶೃಂಗೇರಿ ಕಡೆಯವರು ಎಲೆ ಕಿತ್ತು ಕವರಿಗೆ ಹಾಕಿಕೊಂಡು ತೋರಿಸೋಕೆ ಓಡ್ತೀವಿ. ತೋಟದ ಮಣ್ಣು ಪರೀಕ್ಷೆಗೆ ಕಳಿಸ್ತೀವಿ. ಅದೇ ಕೊಟ್ಟಿಗೆಯಲ್ಲಿ ಹಾಲು ಕೊಡೋ ಹಸು ಸತ್ತರೆ ಸಂಜೆಯೊಳಗೆ ಹೂತು, ಕೈಕಾಲು ತೊಳ್ಕೊಂಡು ಬರ್ತೀವಿ. ಯಾಕೆ ಸತ್ತಿತು ಅಂತ ಕೇಳಿದರೆ "ಹೋಗ್ಲಿ ಬಿಡೋ ಮಾರಾಯ, ಅದರ ಋಣ ಅಷ್ಟೇ" ಅನ್ನೋ ಉತ್ತರ. ಮುಂದಿನ ತಿಂಗಳು ಪಕ್ಕದ ಗೂಟದ ಹಸುವೂ ಮಲಗುತ್ತೆ.

ನಾನು ಓದಿದ್ದು ತೋಟಗಾರಿಕೆ, ಪಶುವೈದ್ಯ ಅಲ್ಲ. ಆದರೆ ಸಾವಯವ ತೋಟ ಮಾಡೋನಿಗೆ ಗೊಬ್ಬರ ಬರೋದೇ ಕೊಟ್ಟಿಗೆಯಿಂದ. ಹಾಗಾಗಿ ಹೇಳ್ತೀನಿ: ಕಾಯಿಲೆಗಿಂತ ಹೆಚ್ಚು ದನ ಕಳ್ಕೊಳ್ಳೋದು ನಾವು ಊಹೆಯ ಔಷಧಿಯಿಂದ. ವಾಟ್ಸಾಪ್ ಗ್ರೂಪಿಗೆ ಒಂದು ಫೋಟೋ ಹಾಕಿ, ಹತ್ತು ಜನ ಹೇಳಿದ ಹತ್ತು ಔಷಧಿಯಲ್ಲಿ ಅಂಗಡಿಯಲ್ಲಿ ಸಿಕ್ಕಿದ್ದನ್ನ ಚುಚ್ಚಿಸೋದಕ್ಕೆ ಚಿಕಿತ್ಸೆ ಅನ್ನೋಕಾಗಲ್ಲ.

ಒಂದೇ ಉದಾಹರಣೆ ತಗೊಳ್ಳಿ, ಕೆಂಪು ಗಂಜಲ. ಮಲೆನಾಡಲ್ಲಿ ಹಸು ಕಟ್ಟಿದವರಿಗೆ ಇದು ಹೊಸದಲ್ಲ. ಎಲ್ಲರ ಬಾಯಲ್ಲೂ "ಉಣುಗಿನ ಜ್ವರ" ಅಂತಲೇ ಬರುತ್ತೆ. ಹಲವು ಸಲ ನಿಜವೇ. ಉಣುಗಿನಿಂದ ಬರೋ ಬೇಬಿಸಿಯೋಸಿಸ್‌ನಲ್ಲಿ ಮೊದಲು ಜೋರು ಜ್ವರ, ಆಮೇಲೆ ಕಾಫಿ ಬಣ್ಣದ ಗಂಜಲ, ಕಣ್ಣಿನ ಒಳರೆಪ್ಪೆ ಬಿಳಿಚಿಕೊಳ್ಳುತ್ತೆ. ಜೆರ್ಸಿ, ಎಚ್.ಎಫ್. ಮಿಶ್ರತಳಿಗಳಿಗೆ ಇದರ ಹೊಡೆತ ಜಾಸ್ತಿ, ಮಲೆನಾಡು ಗಿಡ್ಡಕ್ಕೆ ಕಮ್ಮಿ. ಆದರೆ ಕರು ಹಾಕಿ ಎರಡು ಮೂರು ವಾರ ಆದ ಹಸು ಜ್ವರವೇ ಇಲ್ಲದೆ ಕೆಂಪಗೆ ಗಂಜಲ ಹಾಕಿದರೆ ಅದು ರಂಜಕದ ಕೊರತೆ ಇರಬಹುದು. ಗುಡ್ಡದ ಮೇಲಿನ ಬ್ರಾಕೆನ್ ಅನ್ನೋ ಜರಿಗಿಡವನ್ನ ತಿಂಗಳುಗಟ್ಟಲೆ ಮೇಯ್ದ ದನಕ್ಕೆ ಮೂತ್ರಕೋಶದಲ್ಲೇ ಗಡ್ಡೆಯಾಗಿ ರಕ್ತ ಬರುತ್ತೆ. ಇಲಿಜ್ವರದಲ್ಲೂ ಗಂಜಲ ಕೆಂಪಾಗಬಹುದು, ಅದು ಮನುಷ್ಯರಿಗೂ ಅಂಟುತ್ತೆ. ಲಕ್ಷಣ ಒಂದೇ, ಕಾರಣ ನಾಲ್ಕು. ರಂಜಕ ಬೇಕಾದ ಹಸುವಿಗೆ ಉಣುಗಿನ ಇಂಜೆಕ್ಷನ್ ಕೊಟ್ಟರೆ ಏನು ಪ್ರಯೋಜನ?

ಮನೆಯಲ್ಲೇ ಮಾಡಬಹುದಾದ ಒಂದು ಕೆಲಸ ಇದೆ. ಗಂಜಲವನ್ನ ಗಾಜಿನ ಬಾಟಲಿಯಲ್ಲಿ ಹಿಡಿದು ಅಲ್ಲಾಡಿಸದೆ ಒಂದೆರಡು ಗಂಟೆ ಇಡಿ. ಕೆಂಪು ತಳಕ್ಕೆ ಕೂತು ಮೇಲೆ ತಿಳಿಯಾದರೆ ಅದು ರಕ್ತ, ಮೂತ್ರಕೋಶ, ಕಿಡ್ನಿ ಕಡೆ ನೋಡಬೇಕು. ಮೇಲಿಂದ ತಳದವರೆಗೆ ಒಂದೇ ಬಣ್ಣ ಉಳಿದರೆ ಮೈಯೊಳಗೇ ರಕ್ತಕಣ ಒಡೀತಿದೆ ಅಂತ. ಇಷ್ಟರಿಂದಲೇ ಕಾಯಿಲೆ ತೀರ್ಮಾನ ಆಗಲ್ಲ, ಆದರೆ ಡಾಕ್ಟ್ರಿಗೆ ಅರ್ಧ ದಾರಿ ಉಳಿಯುತ್ತೆ. ಬಾಟಲಿ ಮುಟ್ಟಿದ ಕೈ ಸೋಪು ಹಾಕಿ ತೊಳೀರಿ.

ಇನ್ನೊಂದು ಕಾರಣ ನಮ್ಮ ತೋಟದಲ್ಲೇ ಇದೆ. ಇದನ್ನ ಅಡಿಕೆಯವರು ಕೇಳೋಕೆ ಇಷ್ಟಪಡಲ್ಲ. ಕೊಳೆ ರೋಗಕ್ಕೆ ಮಳೆಗಾಲದ ಮುಂಚೆ ಒಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ ಬೋರ್ಡೋ ಹೊಡೀತೀವಿ. ನೂರು ಲೀಟರಿಗೆ ಒಂದು ಕೆ.ಜಿ. ಮೈಲುತುತ್ತ. ಮರದ ಮೇಲಿಂದ ಸುರಿದದ್ದು ಕೆಳಗಿನ ಹುಲ್ಲಿಗೂ ಬೀಳುತ್ತೆ, ಹಾಳೆಗೂ ಹತ್ತುತ್ತೆ. ಮಾರನೇ ದಿನ ಅದೇ ಹುಲ್ಲು ಕೊಯ್ದು ಕೊಟ್ಟಿಗೆಗೆ! ತಾಮ್ರ ಯಕೃತ್ತಿನಲ್ಲಿ ಸದ್ದಿಲ್ಲದೆ ಕೂಡ್ತಾ ಹೋಗಿ, ಒಂದು ದಿನ ಒಮ್ಮೆಲೇ ರಕ್ತಕ್ಕೆ ಬಿಡುತ್ತೆ. ಆಗ ಕಾಮಾಲೆ, ಕಪ್ಪು ಕೆಂಪು ಗಂಜಲ, ಸಾವು. ಕುರಿಗಂತೂ ತಾಮ್ರ ಬಹಳ ಸೂಕ್ಷ್ಮ, ಆಡು, ದೊಡ್ಡ ದನ ಅದಕ್ಕಿಂತ ತಡ್ಕೊಳ್ತವೆ. ನಮ್ಮ ಮಳೆಗೆ ಕುರಿ ಒಗ್ಗಲ್ಲ, ಸರಿ. ಆದರೆ ಈಗ ಹುಡುಗರು ಶೆಡ್ ಹಾಕಿ ಕುರಿ, ಆಡು ಸಾಕ್ತಿದ್ದಾರೆ, ತೋಟದ ಹುಲ್ಲೇ ಮೇವು. ಸಾವಯವದಲ್ಲೂ ಬೋರ್ಡೋಗೆ ಮಿತಿಯೊಳಗೆ ಅವಕಾಶ ಇದೆ, ಹಾಗಂತ ಅದು ಮೇವಿಗೆ ನಿರಪಾಯ ಅಂತಲ್ಲ. ಔಷಧಿ ಹೊಡೆದ ತಾರೀಖು ಡಾಕ್ಟ್ರಿಗೆ ಹೇಳದಿದ್ದರೆ ಅವರು ಉಣುಗನ್ನೇ ಹುಡುಕ್ತಾ ಕೂರಬೇಕು.

ಫೋನು ನಿಜಕ್ಕೂ ಉಪಯೋಗಕ್ಕೆ ಬರೋದು ಇಲ್ಲೇ. ಕರು ಹಾಕಿದ ದಿನ, ಲಸಿಕೆ ದಿನ, ಬೋರ್ಡೋ ಹೊಡೆದ ದಿನ, ಹೊಸ ದನ ತಂದ ದಿನ ಬರೆದಿಡಿ. ಹುಷಾರಿಲ್ಲದಾಗ ನಡಿಗೆಯ, ಉಸಿರಾಟದ ವಿಡಿಯೋ ತೆಗೀರಿ. ಕುಂಟ್ತಾ ಇದ್ದರೆ ಗೊರಸಿನ ಸಂದಿ ತೊಳೆದು ಫೋಟೋ ತೆಗೀರಿ, ಕಾಲುಬಾಯಿ ಜ್ವರ ಅಂದುಕೊಂಡದ್ದು ಬೇಲಿ ತಂತಿಯ ಗಾಯ ಆಗಿರಬಹುದು. ಥರ್ಮಾಮೀಟರ್ ಒಂದು ಇಟ್ಕೊಳ್ಳಿ, ಹಸುವಿಗೆ 101-102 ಡಿಗ್ರಿ ಫ್ಯಾರನ್‌ಹೀಟ್ ಸಹಜ. ಎಲ್ಲಕ್ಕಿಂತ ಮುಖ್ಯ, ಇಂಜೆಕ್ಷನ್ ಕೊಡೋ ಮುಂಚೆ ರಕ್ತ ತೆಗೆಸಿ. ಕಿವಿ ತುದಿಯ ಒಂದು ಹನಿ ಗಾಜಿನ ಮೇಲೆ ತೆಳ್ಳಗೆ ಸವರಿದರೆ ಸಾಕು. ಸೂಜಿ ಚುಚ್ಚಿದ ಮೇಲೆ ತೆಗೆದ ರಕ್ತದಲ್ಲಿ ರೋಗಾಣು ಕಾಣದೇ ಹೋಗಬಹುದು.

ಸತ್ತ ಮೇಲೆ? ಮರಣೋತ್ತರ ಪರೀಕ್ಷೆ ಮಾಡಿಸಿ, ಅದೂ ಬೇಗ. ನಮ್ಮ ತೇವಕ್ಕೆ ಹೆಣ ಕೊಳೆಯೋಕೆ ಹೊತ್ತು ಬೇಡ. ವಿಮೆ ಇದ್ದರೆ ಆ ಸರ್ಟಿಫಿಕೇಟ್ ಹೇಗೂ ಬೇಕು. ಆದರೆ ಚೆನ್ನಾಗಿದ್ದ ದನ ಏಕಾಏಕಿ ಬಿದ್ದು ಸತ್ತು, ಮೂಗು, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರ್ತಿದ್ದರೆ ಕತ್ತಿ ಮುಟ್ಟಿಸಬೇಡಿ, ಚರ್ಮ ಸುಲಿಯೋಕೂ ಬಿಡಬೇಡಿ. ಅದು ನೆರಡಿ, ಅಂದ್ರೆ ಆಂಥ್ರಾಕ್ಸ್, ಇರಬಹುದು. ಹೆಣ ಕೊಯ್ದರೆ ಅದರ ಕಣಗಳು ಮಣ್ಣಿನಲ್ಲಿ ದಶಕಗಟ್ಟಲೆ ಉಳೀತವೆ. ಡಾಕ್ಟ್ರು ಬಂದು ಕಿವಿಯ ರಕ್ತ ಮಾತ್ರ ನೋಡ್ತಾರೆ.

"ಡಾಕ್ಟ್ರೇ ಸಿಗಲ್ಲ, ಪರೀಕ್ಷೆ ಎಲ್ಲಿಂದ?" ಅಂತ ನೀವು ಕೇಳ್ತೀರಿ. ನ್ಯಾಯವಾದ ಪ್ರಶ್ನೆಯೇ. 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಕೇಳಬಹುದು, ಶಿವಮೊಗ್ಗದಲ್ಲಿ ಪಶುವೈದ್ಯ ಕಾಲೇಜಿದೆ, ಹೆಬ್ಬಾಳದಲ್ಲಿ ಪಶು ಆರೋಗ್ಯ ಮತ್ತು ಪಶು ಜೈವಿಕ ಸಂಸ್ಥೆ ಇದೆ. ಆದರೆ ಘಾಟಿ ರಸ್ತೆಯ ಕೊನೆಯ ಮನೆಗೆ ಜೋರು ಮಳೆಯಲ್ಲಿ ಇವೆಲ್ಲ ದೂರವೇ. ನನ್ನ ತಕರಾರು ಬೇರೆ: ನಾವು ಪರೀಕ್ಷೆಯನ್ನ ಕೇಳೋದೇ ಇಲ್ಲ, ಇಂಜೆಕ್ಷನ್ ಮಾತ್ರ ಕೇಳ್ತೀವಿ. ಯಾರೂ ಕೇಳದಿದ್ದರೆ ಮೈಕ್ರೋಸ್ಕೋಪಿನ ಮೇಲೆ ಧೂಳೇ ಕೂರೋದು.

ಸತ್ತ ಪ್ರಾಣಿಯ ಬಗ್ಗೆ ಯಾರೋ ಕೇಳಿದ್ದರಿಂದಲೇ ಮಂಗನ ಕಾಯಿಲೆ ಗೊತ್ತಾಗಿದ್ದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸಾಯ್ತಿದ್ದವು, ಜನಕ್ಕೂ ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹುಡುಕಿದಾಗ ಹೊಸ ವೈರಸ್ಸೇ ಸಿಕ್ತು, ಉಣುಗಿನಿಂದ ಹರಡೋದು. 2024ರಲ್ಲಿ ನಮ್ಮ ಶೃಂಗೇರಿ ತಾಲ್ಲೂಕಲ್ಲೂ ಅದಕ್ಕೆ ಒಂದು ಜೀವ ಹೋಯಿತು. ದನಕ್ಕೆ ಆ ಕಾಯಿಲೆ ಬರಲ್ಲ, ಆದರೆ ಕಾಡಿನ ಉಣುಗು ದನದ ರಕ್ತ ಕುಡಿದೇ ಹೆಚ್ಚಾಗೋದು. ದನದ ಜೊತೆ ಕಾಡಿಗೆ ಹೋಗಿ ಬಂದವರು ಸಂಜೆ ಮೈ ನೋಡ್ಕೊಳ್ಳಿ, ಬಿಸಿನೀರಲ್ಲಿ ಸ್ನಾನ ಮಾಡಿ. ಮಂಗ ಸತ್ತಿದ್ದು ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ಅವತ್ತೇ ಹೇಳಿ.