ಸುಳ್ಳು ಹೇಳುವ ಮೀಟರ್

ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ, ನವುಲೆಯ ಬಳಿ, 1980ರಲ್ಲಿ ಆರಂಭವಾದ ಜವಾಹರಲಾಲ್ ನೆಹರೂ ರಾಷ್ಟ್ರೀಯ ಎಂಜಿನಿಯರಿಂಗ್ ಕಾಲೇಜು ಇದೆ. ಎಲೆಕ್ಟ್ರಾನಿಕ್ಸ್ ಓದುವ ಮಕ್ಕಳಿರುವ ಮನೆಗಳಲ್ಲಿ ಒಂದು ಅಗ್ಗದ ಡಿಜಿಟಲ್ ಮಲ್ಟಿಮೀಟರ್ ಇರುವುದು ಸಹಜ. ಮಲೆನಾಡಿನ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದು ಕೈಕೊಡುವುದೂ ಉಂಟು. 'ಕೆಟ್ಟುಹೋಯಿತು, ಹೊಸದು ಕೊಡಿಸಿ' ಎನ್ನುತ್ತಾನೆ ಮಗ. 'ತಂದು ವರ್ಷವಾಗಿಲ್ಲ, ಏನು ಮಾಡಿದೆ?' ಎಂದು ಗದರುತ್ತಾರೆ ಅಪ್ಪ. ಇಬ್ಬರೂ ಅರ್ಧ ಗಂಟೆ ಅದರ ಮುಂದೆ ಕುಳಿತರೆ ಹೊಸದನ್ನು ಕೊಳ್ಳುವ ಪ್ರಮೇಯವೇ ಬಾರದಿರಬಹುದು.

ವಿಭವಾಂತರ, ಪ್ರವಾಹ, ರೋಧ ಈ ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ಅಳೆಯುವ 'ಆವೋ' ಮೀಟರ್ ಇಂಗ್ಲೆಂಡಿನಲ್ಲಿ ಮಾರುಕಟ್ಟೆಗೆ ಬಂದದ್ದು 1923ರಲ್ಲಿ. ನಮ್ಮ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದ್ದೂ ಅದೇ ವರ್ಷ. ಅದನ್ನು ರೂಪಿಸಿದವರು ಬ್ರಿಟಿಷ್ ಅಂಚೆ ಇಲಾಖೆಯ ಎಂಜಿನಿಯರ್ ಡೊನಾಲ್ಡ್ ಮಕಾಡಿ. ಆಂಪಿಯರ್, ವೋಲ್ಟ್, ಓಮ್ ಎಂಬ ಪದಗಳ ಮೊದಲ ಅಕ್ಷರಗಳೇ ಸೇರಿ ಆ ಹೆಸರಾಯಿತು. ಇಂದಿನ ಡಿಜಿಟಲ್ ಮೀಟರ್ ಮಾಡುವುದೂ ಅದೇ ಮೂರು ಕೆಲಸಗಳನ್ನು.

ರಿಪೇರಿಗೆ ತೊಡಗಿದಾಗ ಸುಲಭದ್ದನ್ನು ಮೊದಲು ನೋಡಬೇಕು. ಎರಡು ಕಡ್ಡಿಗಳಿಗೆ ಜೋಡಿಸಿದ ವೈರುಗಳೇ ಎಲ್ಲಕ್ಕಿಂತ ಹೆಚ್ಚು ಸೊರಗುವ ಭಾಗ. ಮೀಟರನ್ನು 200 ಓಮ್ ಸ್ಥಾನಕ್ಕೆ ತಿರುಗಿಸಿ ಕಡ್ಡಿಗಳ ತುದಿಗಳನ್ನು ಒಂದಕ್ಕೊಂದು ತಾಗಿಸಿ. ಸೊನ್ನೆಗೆ ಹತ್ತಿರದ ಅಂಕಿ ಬಂದರೆ ಸರಿ. ಎಡತುದಿಯಲ್ಲಿ ಬರೀ '1' ನಿಂತರೆ ಎಲ್ಲೋ ದಾರಿ ಕಡಿದಿದೆ. ವೈರು ಕಡ್ಡಿಯೊಳಗೆ ಹೋಗುವ ಕತ್ತಿನ ಬಳಿ ಬಾಗಿಸಿದಾಗ ಅಂಕಿ ಬಂದು ಹೋಗಿ ಮಾಡಿದರೆ, ಕೆಟ್ಟಿರುವುದು ಮೀಟರಲ್ಲ, ವೈರು.

ಇದಾದ ಮೇಲೆ ಫ್ಯೂಸು. ವೋಲ್ಟ್ ತೋರಿಸುವ ಮೀಟರ್ ಮಿಲಿಆಂಪಿಯರ್ ಸ್ಥಾನದಲ್ಲಿ ಮಾತ್ರ ಸೊನ್ನೆಯಲ್ಲೇ ನಿಂತರೆ ಅನುಮಾನ ಅದರ ಮೇಲೆ. ಪ್ರವಾಹ ಅಳೆಯುವಾಗ ಮೀಟರಿನ ರೋಧ ತೀರಾ ಕಡಿಮೆ. ಆ ಸ್ಥಾನದಲ್ಲಿಟ್ಟು ಕಡ್ಡಿಗಳನ್ನು ನೇರವಾಗಿ ಬ್ಯಾಟರಿಗೆ ಮುಟ್ಟಿಸಿದರೆ ಅದು ಶಾರ್ಟ್ ಸರ್ಕ್ಯೂಟೇ. ಆಗ ಫ್ಯೂಸು ತಾನು ಸುಟ್ಟು ಮೀಟರನ್ನು ಉಳಿಸುತ್ತದೆ. ಮುಚ್ಚಳ ತೆಗೆಯುವ ಮುನ್ನ ಎರಡೂ ವೈರುಗಳನ್ನು ಮೀಟರಿನಿಂದ ಕಿತ್ತಿಡಿ. ಹೊಸ ಫ್ಯೂಸು ಹಳೆಯದರಷ್ಟೇ ಆಂಪಿಯರ್ ಮತ್ತು ವೋಲ್ಟಿನದಾಗಿರಲಿ. ಅದರ ಬದಲು ತಾಮ್ರದ ತಂತಿ ಸುತ್ತಿದರೆ ಮುಂದಿನ ಸಲ ಸುಡುವುದು ಮೀಟರು. ಹಿಡಿದ ಕೈಗೂ ತಪ್ಪದು ಅಪಾಯ.

ನಂತರದ ಶತ್ರು ತೇವ. ತಿರುಗುವ ಸ್ವಿಚ್ಚಿನ ಕೆಳಗಿನ ಲೋಹದ ಪಟ್ಟಿಗಳಿಗೆ ಕಿಲುಬು ಹತ್ತಿದರೆ ಅಂಕಿಗಳು ಕುಣಿಯುತ್ತವೆ. ಅಂಕಿ ಮೂಡುವ ಗಾಜಿಗೂ ಮಂಡಲಕ್ಕೂ ನಡುವೆ ಇರುವ ರಬ್ಬರ್ ಪಟ್ಟಿ ಸರಿದರೆ ಅಂಕಿಯ ಕೆಲವು ಗೆರೆಗಳು ಮಾಯವಾಗುತ್ತವೆ. ನಡುಗೆರೆ ಹೋದ 8 ನೋಡಲು 0 ಆಗಿಬಿಡುತ್ತದೆ! ಹತ್ತಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ ಮೆಲ್ಲಗೆ ಒರೆಸಿ, ಪೂರ್ತಿ ಒಣಗಿದ ಮೇಲೆ ಜೋಡಿಸಬೇಕು.

ಇವೆಲ್ಲವೂ ಕಣ್ಣಿಗೆ ಕಾಣುವ ದೋಷಗಳು. ಕಾಣದ ದೋಷ ಒಳಗಿನ 9 ವೋಲ್ಟ್ ಬ್ಯಾಟರಿಯದು. ಅದು ಸೊರಗಿದರೆ ಮೀಟರ್ ಕಡಿಮೆ ತೋರಿಸೀತು ಎಂದು ನಾವು ಎಣಿಸುತ್ತೇವೆ. ಆದರೆ ಅಗ್ಗದ ಮೀಟರುಗಳು ಹೆಚ್ಚು ತೋರಿಸುತ್ತವೆ! ಮೀಟರ್ ಹೊರಗಿನ ವೋಲ್ಟನ್ನು ತನ್ನೊಳಗಿನ ಒಂದು ನಿಗದಿತ ವೋಲ್ಟಿನೊಂದಿಗೆ ಹೋಲಿಸಿ ಅಂಕಿ ಕೊಡುತ್ತದೆ. ಬ್ಯಾಟರಿ ತೀರಾ ಇಳಿದಾಗ ಈ ಒಳಗಿನ ಅಳತೆಯೂ ಇಳಿಯುತ್ತದೆ. ಗಜಕಡ್ಡಿ ಗಿಡ್ಡವಾದರೆ ಬಟ್ಟೆ ಉದ್ದವಾದಂತೆ ಕಾಣುವುದಿಲ್ಲವೇ? ಹಾಗೆಯೇ ಇದು. ಒಳಗಿನ ಅಳತೆ ಐದರಲ್ಲೊಂದು ಪಾಲು ಕುಗ್ಗಿದರೆ 230 ವೋಲ್ಟು ಸುಮಾರು 287 ಎಂದು ಕಾಣುತ್ತದೆ. ತೆರೆಯ ಮೇಲೆ ಬ್ಯಾಟರಿಯ ಚಿಹ್ನೆ ಮೂಡಿದ ಕೂಡಲೇ ಅದನ್ನು ಬದಲಿಸಬೇಕು ಎನ್ನುವುದು ಇದಕ್ಕೇ.

ಸತ್ತ ಮೀಟರಿನಿಂದ ನಷ್ಟ ಹಣ ಮಾತ್ರ. ಸುಳ್ಳು ಹೇಳುವ ಮೀಟರಿನಿಂದ ಪ್ರಾಣಕ್ಕೇ ಸಂಚಕಾರ. ವೈರು ತುಂಡಾದ ಮೀಟರ್ ವಿದ್ಯುತ್ ಹರಿಯುವ ತಂತಿಯನ್ನೂ 'ಸೊನ್ನೆ' ಎನ್ನಬಹುದು. ಅದನ್ನು ನಂಬಿ ಮುಟ್ಟಿದವನ ಗತಿ? ಹಾಗಾಗಿ ರಿಪೇರಿ ಮುಗಿದೊಡನೆ ಹೊಸ ಶುಷ್ಕಕೋಶವೊಂದನ್ನು ಅಳೆಯಿರಿ. ಒಂದೂವರೆ ವೋಲ್ಟಿನ ಆಸುಪಾಸು ಬರಬೇಕು. ಮನೆಯ 230 ವೋಲ್ಟಿನ ಪರೀಕ್ಷೆ ಮಕ್ಕಳ ಕೆಲಸವಲ್ಲ, ಬಲ್ಲವರದು. ಅವರೂ ಗೊತ್ತಿರುವ ಪ್ಲಗ್ಗಿನಲ್ಲಿ ಒಮ್ಮೆ ನೋಡಿ, ಬೇಕಾದಲ್ಲಿ ಅಳೆದು, ಮರಳಿ ಅದೇ ಪ್ಲಗ್ಗಿನಲ್ಲಿ ಇನ್ನೊಮ್ಮೆ ನೋಡುತ್ತಾರೆ. ಮೂರು ಸಲವೂ ಮೀಟರ್ ಸರಿಯಿತ್ತೆಂದು ಖಾತ್ರಿಯಾಗುವುದು ಆಗಲೇ.

ಅಳೆಯುವ ಸಾಧನವನ್ನೇ ಮೊದಲು ಅಳೆದು ನೋಡು ಎನ್ನುವುದು ವಿಜ್ಞಾನದ ಹಳೆಯ ಪಾಠ. ಕೆಟ್ಟ ಮೀಟರೊಂದು ಅಪ್ಪ-ಮಗನಿಗೆ ಅದನ್ನು ಕಲಿಸಿದರೆ, ಅದಕ್ಕೆ ತೆತ್ತ ಹಣ ದಂಡವಾಗಲಿಲ್ಲ.